ಬಾಗಿಲು ದಾಟಿದ ಆಡು

ಕಳೆದ ವಾರ ಅಬುಧಾಬಿಯ ಮುಸಫ್ಫಾದಲ್ಲಿ, ನಮ್ಮ ಮನೆಯ ಕೆಳಗಿನ ಸೂಪರ್‌ಮಾರ್ಕೆಟ್ಟಿನ ತರಕಾರಿ ಸಾಲಿನಲ್ಲಿ ಹಲಸಿನ ಎಲೆ ಕಂಡು ನಾನು ನಿಂತಲ್ಲೇ ನಿಂತುಬಿಟ್ಟೆ. ಬಾಳೆ ಎಲೆ ಬರುವುದುಂಟು, ಕರಿಬೇವು ದಿನಾ ಬರುತ್ತದೆ. ಆದರೆ ಹಲಸಿನ ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಚೀಟಿ ಅಂಟಿಸಿ, ವಿಮಾನ ಹತ್ತಿಸಿ ತಂದು ಮಾರುತ್ತಾರೆಂದರೆ! ಊರಿನಲ್ಲಿ ಗುಡಿಸಿ ಮೂಲೆಗೆ ಹಾಕುವ ಎಲೆ. ಇಲ್ಲಿಯ ನಮ್ಮ ಕಡೆಯವರು ಕೊಟ್ಟಿಗೆ ಕಟ್ಟಲು, ಎಲೆಯ ದೊನ್ನೆಯಲ್ಲಿ ಇಡ್ಲಿ ಬೇಯಿಸಲು ಒಯ್ಯುತ್ತಾರೆಂದು ಅಂಗಡಿಯವನು ಹೇಳಿದ. ನಾನು ಯಾರೂ ನೋಡದ ಹಾಗೆ ಪ್ಲಾಸ್ಟಿಕ್ಕಿನ ಒಂದು ಮೂಲೆಯನ್ನು ಉಗುರಿನಿಂದ ಹರಿದು ಮೂಗಿಗೆ ಹಿಡಿದೆ. ತೊಟ್ಟಿನ ಮೇಣದ ಆ ಹಸಿ ವಾಸನೆ ಬಂದದ್ದೇ ತಡ, ನನ್ನ ಕಣ್ಣ ಮುಂದೆ ಒಂದು ಆಡು ಬಂದು ನಿಂತಿತು. ಹಣೆಯಲ್ಲಿ ಬಿಳಿ ಚುಕ್ಕೆಯ ಆಡು. ನಾನು ಅದನ್ನು ಒಮ್ಮೆಯೂ ಕಣ್ಣಿನಿಂದ ನೋಡಿದವಳಲ್ಲ. ಅದು ನಮ್ಮ ಅಲ್ ನಹ್ದಾದ ಮನೆಯ ಊಟದ ಮೇಜಿನ ಮೇಲೆ ಹುಟ್ಟಿ, ಆ ಮೇಜಿನ ಮೇಲೆಯೇ ಹೋದದ್ದು. ಅದನ್ನು ಸಾಕಿದವರು ಎದುರು ಮನೆಯ ಉಮ್ಮ.

ಆಗ ನಾವು ದುಬೈಯಲ್ಲಿದ್ದೆವು. ಇಸವಿ ನೆನಪಿಲ್ಲ, ಮಗ ಏಳನೇ ಕ್ಲಾಸಿನಲ್ಲಿದ್ದ ವರ್ಷ ಎಂದರೆ ಎರಡು ಸಾವಿರದ ಹದಿನಾಲ್ಕರ ಆಸುಪಾಸು. ನಮ್ಮ ಬಾಗಿಲಿಗೆ ಸರಿಯಾಗಿ ಎದುರಿನ ಬಾಗಿಲಿನಲ್ಲಿ ಉಳ್ಳಾಲದ ಕಡೆಯ ಒಂದು ಬ್ಯಾರಿ ಸಂಸಾರ. ಗಂಡನಿಗೆ ದೇರಾದಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ, ಹೆಂಡತಿಗೆ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ. ಎಷ್ಟೋ ವರ್ಷ ಇಬ್ಬರೇ ಇದ್ದರು. ಮಕ್ಕಳಿಲ್ಲವೇನೋ ಎಂದುಕೊಂಡು ನಾನು ಆ ಮಾತನ್ನೇ ಎತ್ತುತ್ತಿರಲಿಲ್ಲ. ಒಂದು ಏಪ್ರಿಲ್‌ನಲ್ಲಿ ನೋಡಿದರೆ ಲಿಫ್ಟಿನಿಂದ ಹತ್ತು ವರ್ಷದ ಒಂದು ಹುಡುಗಿ, ಅವಳ ಕೈ ಹಿಡಿದ ಒಬ್ಬ ಮುದುಕಿ ಇಳಿದರು. ಹುಡುಗಿ ಇವರದ್ದೇ ಮಗಳು. ಹಾಲು ಬಿಡಿಸಿದ ಕೂಡಲೇ ಊರಿನಲ್ಲಿ ಹೆಂಡತಿಯ ತಾಯಿಯ ಹತ್ತಿರ ಬಿಟ್ಟುಬಂದದ್ದು, ಈಗ ಇಲ್ಲಿಯ ಶಾಲೆಗೆಂದು ಕರೆಸಿಕೊಂಡದ್ದು. ಅಜ್ಜಿ ವಿಸಿಟ್ ವೀಸಾದಲ್ಲಿ ಜೊತೆಗೆ ಬಂದದ್ದು, ಮೊಮ್ಮಗಳು ಹೊಂದಿಕೊಳ್ಳುವವರೆಗೆ.

ಹೊಂದಿಕೊಳ್ಳುವ ಮಾತು ಹಾಗಿರಲಿ, ಮೊದಲ ದಿನವೇ ನಾನು ದಂಗಾದೆ. ಹುಡುಗಿ ಅಜ್ಜಿಯನ್ನು ಉಮ್ಮ, ಎಂದರೆ ಅಮ್ಮ, ಎನ್ನುತ್ತಿದ್ದಳು. ಊರಿನ ಮನೆಯಲ್ಲಿ ಎಲ್ಲರೂ ಹಾಗೆ ಕರೆಯುವುದನ್ನು ಕೇಳಿ ಕಲಿತದ್ದು. ಹೆತ್ತ ತಾಯಿಯನ್ನು ‘ದುಬೈ ಉಮ್ಮ’ ಎನ್ನುತ್ತಿದ್ದಳು. ವಾರಕ್ಕೊಮ್ಮೆ ಫೋನಿನಲ್ಲಿ ಬರುತ್ತಿದ್ದ ಉಮ್ಮ, ಎರಡು ವರ್ಷಕ್ಕೊಮ್ಮೆ ಚಾಕಲೇಟು ತರುತ್ತಿದ್ದ ಉಮ್ಮ. ಅದೇ ಮನೆಯಲ್ಲಿ, ಅದೇ ಸೋಫಾದಲ್ಲಿ ಕೂತವಳನ್ನೂ ಅವಳು ‘ದುಬೈ ಉಮ್ಮ, ನೀರು ಬೇಕು’ ಎಂದು ಕೇಳುತ್ತಿದ್ದಳು. ಆ ಹೆಂಗಸು ಮುಖ ಸಣ್ಣ ಮಾಡದೆ ನೀರು ಕೊಡುತ್ತಿದ್ದಳು. ನಾನಾಗಿದ್ದರೆ ಲೋಟ ಎತ್ತಿ ಕುಕ್ಕುತ್ತಿದ್ದೆನೋ ಏನೋ.

ಶುಕ್ರವಾರ ಅಳಿಯನಿಗೆ ರಜೆ. ಉಮ್ಮ ಹಳೆಯ ಕಾಲದವರು, ಅಳಿಯ ಮನೆಯಲ್ಲಿರುವಾಗ ಎದುರು ಕೂತು ಮಾತಾಡುವುದು, ನಗುವುದು ಅವರಿಗೆ ಆಗದು. ಆ ಮನೆಯೋ ಒಂದೇ ಬೆಡ್‌ರೂಮಿನದು, ಎಲ್ಲಿಗೆಂದು ಸರಿಯುವುದು? ಹಾಗಾಗಿ ಜುಮಾ ನಮಾಜಿನ ಹೊತ್ತು ಕಳೆದು ಅಳಿಯ ಊಟಕ್ಕೆ ಬಂದನೆಂದರೆ ಉಮ್ಮ ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಕಾರಿಡಾರ್ ದಾಟಿ ನಮ್ಮಲ್ಲಿಗೆ ಬರುತ್ತಿದ್ದರು. ಅವರ ಬಟ್ಟೆ ಹಿಡಿದುಕೊಂಡು ಹುಡುಗಿಯೂ ಬರುತ್ತಿದ್ದಳು. ನಾವು ಅಷ್ಟರಲ್ಲಿ ಊದ್ ಮೇಥಾದ ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ ಮನೆ ಸೇರಿರುತ್ತಿದ್ದೆವು. ನಮ್ಮಿಬ್ಬರ ಮಾತು ತುಳುವಿನಲ್ಲಿ. ನನ್ನ ಕೊಂಕಣಿ ಅವರಿಗೆ ಬಾರದು, ಅವರ ಬ್ಯಾರಿ ಭಾಷೆ ನನಗೆ ಅರ್ಧಂಬರ್ಧ. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

ಇನ್ನು ನನ್ನ ತಮ್ಮನ ವಿಷಯ. ಅವನು ಅಲ್ ಬರ್ಷಾದಲ್ಲಿ ನಾಲ್ಕು ಬ್ಯಾಚುಲರ್‌ಗಳ ಜೊತೆ ಇದ್ದ. ಆಫೀಸಿನಲ್ಲಿ ಟೈ ಕಟ್ಟಿಕೊಂಡು ಕೂರುವವನು, ಮದುವೆಗೆ ಹುಡುಗಿ ಹುಡುಕುತ್ತಿದ್ದ ಹೊತ್ತು. ಶುಕ್ರವಾರ ಮಧ್ಯಾಹ್ನ ನನ್ನ ಕೈಯ ಊಟಕ್ಕೆಂದು ಮೆಟ್ರೋ ಹಿಡಿದು ಬರುತ್ತಿದ್ದ. ಒಂದು ದಿನ ಊಟ ಮುಗಿಸಿ ಬ್ಯಾಗಿನಿಂದ ಬಣ್ಣಬಣ್ಣದ, ಎಷ್ಟೋ ಮುಖಗಳ ದಾಳಗಳನ್ನು ತೆಗೆದು ಮೇಜಿನ ಮೇಲೆ ಸುರಿದ. ಆಫೀಸಿನ ಫಿಲಿಪಿನೋ ಗೆಳೆಯರಿಂದ ಕಲಿತ ಆಟವಂತೆ. ಇವನು ಕಥೆ ಹೇಳುವುದು. ಉಳಿದವರು ಆ ಕಥೆಯೊಳಗಿನ ವೀರರು. ಪ್ರತಿಯೊಬ್ಬನೂ ತನ್ನ ವೀರನನ್ನು ತಾನೇ ಕಟ್ಟಿಕೊಳ್ಳಬೇಕು: ಯಾವ ಜಾತಿಯ ಯೋಧ, ಕೈಯಲ್ಲೇನು, ಮೈಯಲ್ಲೆಷ್ಟು ಬಲ. ಜೊತೆಗೆ ಕಾದಾಡಲು ಒಂದು ಪ್ರಾಣಿ. ಹೊಡೆತ ತಾಗಿತೋ ತಪ್ಪಿತೋ ದಾಳ ಹೇಳುತ್ತದೆ. ಮೀಸೆ ಬಂದ ಗಂಡಸು ಹೀಗೆ ಆಡುತ್ತಾನಲ್ಲ, ಹೆಣ್ಣಿನ ಕಡೆಯವರ ಕಿವಿಗೆ ಬಿದ್ದರೆ ಗತಿಯೇನು ಎಂದು ನಾನು ತಲೆ ಚಚ್ಚಿಕೊಂಡೆ. ಅವನಿಗೆ ಬೇಸರವಿದ್ದದ್ದು ಬೇರೆ. ನನ್ನ ಮಗ, ಎದುರು ಮನೆಯ ಹುಡುಗಿ, ಇಬ್ಬರೇ. ಮೂರನೆಯವರು ಇಲ್ಲದಿದ್ದರೆ ಆಟ ಕಳೆಗಟ್ಟುವುದಿಲ್ಲವಂತೆ.

“ಉಮ್ಮ ಇದ್ದಾರಲ್ಲ,” ಎಂದಳು ಹುಡುಗಿ.

ನಾನು ನಕ್ಕುಬಿಟ್ಟೆ. ಉಮ್ಮ ನಗಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದು ಕೂತರು.

ಬಲವನ್ನು ಅಳೆಯಲು ತಮ್ಮ ನನ್ನ ಅಡುಗೆಮನೆಯ ಡಬ್ಬಿಯಿಂದ ಕಡಲೆ ತಂದಿದ್ದ. ಪ್ರತಿಯೊಬ್ಬರ ಮುಂದೆ ಒಂದು ಹಿಡಿ ಕಡಲೆ, ಎರಡು ಬಟ್ಟಲು. ಒಂದು ನಿಮ್ಮದು, ಇನ್ನೊಂದು ನಿಮ್ಮ ಪ್ರಾಣಿಯದು. ಹೇಗೆ ಬೇಕಾದರೂ ಹಂಚಿಕೊಳ್ಳಿ, ಅದಕ್ಕೆ ಕೊಟ್ಟಷ್ಟು ನಿಮಗೆ ಕಡಿಮೆ. ನನ್ನ ಮಗ ಗಿಡುಗನನ್ನು ಆರಿಸಿ, ಎಂಜಲು ಬಟ್ಟಲಿಗೆ ಹಾಕುವವನಂತೆ ಅದಕ್ಕೆ ನಾಲ್ಕು ಕಾಳು ಹಾಕಿದ. ಹುಡುಗಿ ಚಿರತೆಯನ್ನು ಆರಿಸಿ ಸಮಸಮ ಹಂಚಿದಳು. ಉಮ್ಮ ಆಡು ಬೇಕೆಂದರು.

ತಮ್ಮ ತಲೆ ಕೆರೆದುಕೊಂಡ. ತೋಳ ಉಂಟು, ಕರಡಿ ಉಂಟು, ರೆಕ್ಕೆಯ ಹುಲಿ ಉಂಟು ಎಂದು ಒಂದೊಂದಾಗಿ ವರ್ಣಿಸಿದ. ಸಂತೆಯಲ್ಲಿ ಸೀರೆ ಬಿಚ್ಚಿ ತೋರಿಸಿದ ಹಾಗೆ. ಉಮ್ಮ ಎಲ್ಲ ಕೇಳಿಸಿಕೊಂಡು ಕೊನೆಗೆ, ಅದಕ್ಕೆಲ್ಲ ಎಂತ ತಿನ್ನಿಸುವುದು ನಮಗೆ ಗೊತ್ತಿಲ್ಲ ಪೊರ್ಬು, ಆಡಾದರೆ ಗೊತ್ತುಂಟು ಎಂದರು. ಪೊರ್ಬು ಎಂದರೆ ತುಳುವಿನಲ್ಲಿ ನಮ್ಮ ಗಂಡಸರಿಗೆ ಹೇಳುವ ಮಾತು. ಅವರು ಹಾಗೆ ಕರೆದಾಗಲೆಲ್ಲ ಟೈ ಕಟ್ಟುವ ನನ್ನ ತಮ್ಮ ಮೆತ್ತಗಾಗುತ್ತಿದ್ದ. ಆಟಕ್ಕೆ ಆಡೇ ಗಟ್ಟಿಯಾಯಿತು.

ಆಮೇಲೆ ಉಮ್ಮ ಕಡಲೆಯನ್ನೆಲ್ಲ ಆಡಿನ ಬಟ್ಟಲಿಗೆ ಸುರಿದು, ಒಂದೇ ಕಾಳನ್ನು ತಮ್ಮ ಬಟ್ಟಲಿಗೆ ಹಾಕಿಕೊಂಡರು. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು ಓಡಿಬಂದೆ. ಇದೆಂಥ ಯೋಧೆ, ಗಾಳಿ ಬಂದರೆ ಬೀಳುತ್ತಾಳೆ ಎಂದೆ.

“ಮುದುಕಿಗೆ ಎಂತಕ್ಕೆ ಬಾಯಮ್ಮ ಶಕ್ತಿ?” ಎಂದರು. “ಸಾಕಿದ್ದು ಗಟ್ಟಿ ಇದ್ರೆ ಸಾಕಲ್ಲ.”

ದಾಳವನ್ನು ಮಾತ್ರ ಅವರು ಮುಟ್ಟಲಿಲ್ಲ. ದಾಳ ಹಾಕುವುದು ಅವರ ಧರ್ಮದಲ್ಲಿ ಆಗದು. ಮೊಮ್ಮಗಳು ಹಾಕಬಹುದೇ ಎಂದು ನಾನು ಕೆಣಕಿದೆ. ಮಕ್ಕಳು ಮಕ್ಕಳಾಟ ಆಡುವುದಕ್ಕೆ ಯಾರು ಲೆಕ್ಕ ಹಿಡಿಯುತ್ತಾರೆ ಎಂದು ನನ್ನ ಬಾಯಿ ಮುಚ್ಚಿಸಿದರು. ಹೀಗೆ ಉಮ್ಮನ ಪಾಲಿನ ದಾಳವನ್ನು ಹುಡುಗಿಯೇ ಹಾಕಿದಳು. ಉಮ್ಮ ಎಲ್ಲಿ ಹೆಜ್ಜೆ ಇಡಬೇಕೆಂದು ಹೇಳುವುದು, ಆ ಹೆಜ್ಜೆ ಉಳಿಯಿತೋ ಜಾರಿತೋ ಹುಡುಗಿಯ ಅಂಗೈ ಹೇಳುವುದು.

ಆ ಬೇಸಿಗೆ ಪೂರ್ತಿ ಹಾಗೆ ಕಳೆಯಿತು. ಹೊರಗೆ ಕಾಲಿಡಲಾಗದ ಸೆಕೆ, ಒಳಗೆ ಎಸಿಯ ಗುಂಯ್ ಸದ್ದು, ಮೇಜಿನ ಮೇಲೆ ತಮ್ಮನ ಬೆಟ್ಟಗುಡ್ಡಗಳ ರಾಜ್ಯ. ಪ್ರತಿ ಶುಕ್ರವಾರ ಆಟ ಶುರುವಾಗುವ ಮೊದಲು ಉಮ್ಮನದೊಂದು ಪದ್ಧತಿ. ಮೊದಲು ಆಡಿಗೆ ಹಲಸಿನ ಎಲೆ ಹಾಕಬೇಕು. ಎಲೆ ಎಲ್ಲಿಂದ ಬಂತು, ಈ ರಾಜ್ಯದಲ್ಲಿ ಹಲಸಿನ ಮರವೇ ಇಲ್ಲವಲ್ಲ ಎಂದು ತಮ್ಮ ತಕರಾರು ತೆಗೆದ. ಹಾಗಾದರೆ ಒಂದು ಮರ ಹಾಕು ಎಂದರು. ಹಾಕಿದ, ಪಾಪ. ಬಾಡಿದ ಎಲೆಯನ್ನು ಆಡು ಮುಟ್ಟುವುದಿಲ್ಲ, ನೀರು ಚಿಮುಕಿಸಿ ಕೊಡಬೇಕು ಎಂದು ಉಮ್ಮ ಖಾಲಿ ಮೇಜಿನ ಮೇಲೆ ಬೆರಳು ಕೊಡವುತ್ತಿದ್ದರು. ನನ್ನ ಮಗ ಗಿಡುಗನಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿಟ್ಟಿದ್ದ. ಆಡಿಗೆ ಏನು ಹೆಸರು ಎಂದರೆ ಉಮ್ಮ, ಆಡಿಗೆ ಎಂತ ಹೆಸರು, ಆಡು ಆಡೇ ಎಂದುಬಿಟ್ಟರು. ಹುಡುಗಿ ಸುಮ್ಮನಿರಲಿಲ್ಲ. ಆಡಿನ ಚಿತ್ರ ಬರೆದು, ಹಣೆಗೊಂದು ಬಿಳಿ ಚುಕ್ಕೆ ಇಟ್ಟು, ಬೊಳ್ಳು ಎಂದು ಹೆಸರಿಟ್ಟಳು.

ಆ ಬೊಳ್ಳುವೋ, ಏನು ಹೇಳಲಿ... ಕಡಲೆಯ ಬಲವೋ ಹುಡುಗಿಯ ಅಂಗೈಯ ಬಲವೋ, ಎರಡು ತಲೆಯ ರಾಕ್ಷಸನನ್ನು ಗುದ್ದಿ ಹಳ್ಳಕ್ಕೆ ಕೆಡವಿತು. ಬಂಡೆ ಹತ್ತಿ ಹಗ್ಗ ಇಳಿಸಿತು. ಚಿರತೆ ಹೆದರಿ ನಿಂತ ಕಡೆ ಇದು ಮುಂದೆ ಹೋಯಿತು. ಪ್ರತಿ ಗೆಲುವಿಗೂ ತಮ್ಮ ಕಡಲೆ ಸೇರಿಸುತ್ತಾ ಹೋದ, ಉಮ್ಮ ಅದನ್ನೆಲ್ಲ ಆಡಿನ ಬಟ್ಟಲಿಗೇ ಹಾಕುತ್ತಾ ಹೋದರು. ಹುಡುಗಿ ತನ್ನ ಚಿರತೆಯನ್ನು ಮರೆತೇಬಿಟ್ಟಳು. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲೂ ಬೊಳ್ಳು, ಲಿಫ್ಟಿನ ಕನ್ನಡಿಯ ಮಂಜಿನಲ್ಲೂ ಬೊಳ್ಳು.

ಆದರೆ ಎದುರು ಮನೆಯಲ್ಲಿ ಹಣೆಬರಹ ಬೇರೆಯೇ ಇತ್ತು. ಹುಡುಗಿ ಉಮ್ಮ ತಿನ್ನಿಸಿದರೆ ಮಾತ್ರ ತಿನ್ನುತ್ತಿದ್ದಳು, ಉಮ್ಮನ ಮಗ್ಗುಲಲ್ಲಿ ಮಾತ್ರ ಮಲಗುತ್ತಿದ್ದಳು. ಆಟ ನಡೆಯುವಾಗ ತಾಯಿ ನಮ್ಮ ಬಾಗಿಲಿಗೆ ಬಂದು ಕರೆದರೆ ತಲೆ ಎತ್ತುತ್ತಿರಲಿಲ್ಲ. ಉಮ್ಮ ಹೋಗು ಎಂದರೆ ಏಳುವಳು. ಆ ತಾಯಿ ಹೊಸ್ತಿಲಲ್ಲಿ ನಿಂತು, ನನ್ನನ್ನು ನೋಡಿ ಒಂದು ನಗೆ ನಗುತ್ತಿದ್ದಳಲ್ಲ, ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ, “ಹೆತ್ತದ್ದು ನಾನೇ ಹೌದಾ ಅಂತ ಒಂದೊಂದ್ಸಲ ನನಗೇ ಡೌಟ್ ಬರ್ತದೆ ಅಕ್ಕ,” ಎಂದಳು. ಉಮ್ಮನ ವೀಸಾ ಒಮ್ಮೆ ಮುಗಿದು ಮತ್ತೆ ಮಾಡಿಸಿಯಾಗಿತ್ತು. ಅದೂ ಅಕ್ಟೋಬರಿನಲ್ಲಿ ಮುಗಿಯುವುದರಲ್ಲಿತ್ತು. ಉಮ್ಮ ಹೋದರೆ ಹುಡುಗಿ ಹಾಸಿಗೆ ಹಿಡಿಯುತ್ತಾಳೆ, ಉಮ್ಮ ಇದ್ದರೆ ಹುಡುಗಿ ಎಂದಿಗೂ ನನ್ನವಳಾಗುವುದಿಲ್ಲ ಎಂದಳು. ನೆಲ ಮಹಡಿ ಬಂತು. ಅವಳು ಕಣ್ಣೊರೆಸಿಕೊಂಡು ಬಸ್ಸಿಗೆ ಓಡಿದಳು. ಮೂರನೇ ಸಲ ವೀಸಾ ಮಾಡಿಸುವುದೆಂದು ಅವಳ ಗಂಡ ಹೇಳಿಯಾಗಿದೆ ಎಂದೂ ಅಂದಿದ್ದಳು.

ಉಮ್ಮನಿಗೆ ಇದೆಲ್ಲ ಕಾಣುತ್ತಿಲ್ಲವೇ ಎಂದು ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಇವರೇನು, ಮಗಳ ಸಂಸಾರದ ನಡುವೆ ಕೂತು ಆಡು ಮೇಯಿಸುತ್ತಿದ್ದಾರಲ್ಲ ಎಂದು.

ಬಕ್ರೀದಿನ ಹಿಂದಿನ ಶುಕ್ರವಾರ. ಅಂದು ತಮ್ಮ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಕಥೆಯಲ್ಲಿ ಅವರೆಲ್ಲ ಬೆಟ್ಟದ ತುದಿ ಮುಟ್ಟಿದ್ದರು. ಆಚೆ ಕಡೆ ಹಸಿದ ಒಂದು ಊರು, ನಡುವೆ ಒಂದು ಕಲ್ಲಿನ ಬಾಗಿಲು. ಬಾಗಿಲ ಕಾವಲಿನವನಿಗೆ ಕತ್ತಿ ತಾಗುವುದಿಲ್ಲ, ಮಂತ್ರ ತಾಗುವುದಿಲ್ಲ. ಅವನು ಕೇಳುವುದು ಒಂದನ್ನೇ: ನಿಮ್ಮ ಕೈಯಾರೆ ಸಾಕಿದ, ನಿಮಗೆ ಎಲ್ಲಕ್ಕಿಂತ ಪ್ರೀತಿಯದ್ದನ್ನು ಕೊಡಿ, ಬಾಗಿಲು ತೆರೆಯುತ್ತೇನೆ. ನನ್ನ ಮಗ ಉಪಾಯ ಮಾಡಿ ಹಳೆಯ ಗುರಾಣಿ ಕೊಟ್ಟು ನೋಡಿದ. ಹುಡುಗಿ ಚಿರತೆಯನ್ನು ಕೊಡುತ್ತೇನೆಂದಳು. ಅದು ನಿನಗೆ ಎಲ್ಲಕ್ಕಿಂತ ಪ್ರೀತಿಯದ್ದಲ್ಲ ಎಂದ ಕಾವಲಿನವ. ಹುಡುಗಿ ಬಟ್ಟಲನ್ನು ನೋಡಿದಳು. ಆಮೇಲೆ ಬಟ್ಟಲಿನ ಮೇಲೆ ಎರಡೂ ಕೈ ಮುಚ್ಚಿದಳು.

“ಆಡು ಸಾಕಿದ್ದು ನಾನು,” ಎಂದರು ಉಮ್ಮ. “ಕೊಡ್ತೇನೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು, ಮಕ್ಕಳಾಟವೆಂದು ಗೊತ್ತಿದ್ದೂ, ಒದ್ದೆ ಕೈಯಲ್ಲೇ ಮೇಜಿನ ಹತ್ತಿರ ಬಂದೆ. ಹುಡುಗಿ ಬೇಡ ಬೇಡ ಎಂದು ಅವರ ತೋಳು ಜಗ್ಗಿದಳು. ಮೊದಲು ದಾಳ ಹಾಕುವ, ಒಂದು ಸಲ ದಾಳ ಹಾಕುವ ಎಂದಳು. ಕೊಡುವುದಕ್ಕೆ ದಾಳ ಬೇಡ ಎಂದರು. ಅವರು ಮೊಮ್ಮಗಳ ಕೈಗಳನ್ನು ಒಂದೊಂದಾಗಿ ಬಟ್ಟಲಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು. ಎಲೆಗೆ ನೀರು ಚಿಮುಕಿಸುವಂತೆ ಮೇಜಿನ ಮೇಲೆ ಬೆರಳು ಕೊಡವಿದರು, ಆಡಿಗೆ ಕೊನೆಯ ಸಲ ನೀರು ಕುಡಿಸಿದೆ ಎಂದರು.

ತಮ್ಮ ಕಾವಲಿನವನ ಧ್ವನಿಯಲ್ಲಿ ಹೇಳಿದ: ಕೊಡುವ ಮನಸ್ಸು ಕಂಡೆ, ಅಷ್ಟೇ ಸಾಕು, ಆಡನ್ನು ವಾಪಸ್ ತೆಗೆದುಕೊಂಡು ಹೋಗಿ, ಬಾಗಿಲು ತೆರೆದಿದೆ. ನಾನು ಉಸಿರು ಬಿಟ್ಟೆ. ಇಗರ್ಜಿಯಲ್ಲಿ, ಬಲಿಗೆ ತಂದ ಮಗನನ್ನು ದೇವರೇ ತಿರುಗಿ ಕೊಟ್ಟ ಅಬ್ರಹಾಮನ ಕಥೆ ಕೇಳಿ ಬೆಳೆದವನಲ್ಲವೇ, ಬೇರೆ ಹೇಗೆ ಮುಗಿಸಿಯಾನು. ಉಮ್ಮನಿಗೂ ಅದೇ ಕಥೆ ಗೊತ್ತು, ಅವರ ಬಾಯಲ್ಲಿ ಇಬ್ರಾಹಿಂ ನೆಬಿ. ಹುಡುಗಿಯ ಮುಖದಲ್ಲಿ ನಗು ಬಂದಾಗಿತ್ತು.

ಉಮ್ಮ ತಲೆ ಅಲ್ಲಾಡಿಸಿದರು. “ವಾಪಸ್ ಕಳಿಸ್ಲಿಕ್ಕೆ ನೀನು ದೇವರಾ ಪೊರ್ಬು? ಕೊಟ್ಟಾಯ್ತು. ಖಲಾಸ್. ಅದು ಇನ್ನು ಬರುದಿಲ್ಲ.”

ಮತ್ತೆ ಆಡಿನ ಬಟ್ಟಲನ್ನು ಎತ್ತಿ, ಅದರಲ್ಲಿದ್ದ ಕಡಲೆಯನ್ನೆಲ್ಲ ಹುಡುಗಿಯ ಬಟ್ಟಲಿಗೆ ಸುರಿದರು.

ಹುಡುಗಿ ಆ ಬಟ್ಟಲನ್ನು ಎತ್ತಿ ಗೋಡೆಗೆ ಬೀಸಿದಳು. ಕಡಲೆ ಮನೆ ತುಂಬ ಚೆಲ್ಲಿತು. ನೀನು ಕೆಟ್ಟವಳು, ನೀನು ಬೇಡ ಎಂದು ಬ್ಯಾರಿಯಲ್ಲಿ ಕೂಗಿ, ಚಪ್ಪಲಿ ಕೂಡ ಮೆಟ್ಟದೆ ಕಾರಿಡಾರಿಗೆ ಓಡಿದಳು. ಎದುರಿನ ಬಾಗಿಲನ್ನು ಎರಡೂ ಮುಷ್ಟಿಯಿಂದ ಬಡಿದಳು.

“ಉಮ್ಮಾ,” ಎಂದು ಕರೆದಳು. “ಉಮ್ಮಾ, ಬಾಗಿಲು ತೆಗಿ.”

ನನ್ನ ಪಕ್ಕದಲ್ಲಿದ್ದ ಉಮ್ಮ ಅಭ್ಯಾಸಬಲದಿಂದ ಕುರ್ಚಿಯಿಂದ ಅರ್ಧ ಎದ್ದರು. ಓ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಎದುರಿನ ಬಾಗಿಲು ತೆರೆದ ಸದ್ದಾಯಿತು, ಆ ತಾಯಿ ಎಂತಾಯ್ತು ಎಂತಾಯ್ತು ಎನ್ನುವುದು, ಹುಡುಗಿ ಅವಳ ಮೈಗೆ ಅಪ್ಪಳಿಸಿಕೊಂಡು ಬಿಕ್ಕುವುದು ಕೇಳಿಸಿತು. ಆ ಬಾಗಿಲು ಮುಚ್ಚಿತು. ಉಮ್ಮ ಮೆಲ್ಲನೆ ಕೂತರು. ಆರು ತಿಂಗಳಲ್ಲಿ ಮೊದಲ ಸಲ ಆ ಹುಡುಗಿ ದುಬೈ ಎನ್ನುವುದನ್ನು ಬಿಟ್ಟು ತಾಯಿಯನ್ನು ಕರೆದಿದ್ದಳು.

ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಮಗುವಿನ ಹೊಟ್ಟೆ ಉರಿಸಿದಿರಲ್ಲ ಉಮ್ಮ, ಎಂಥ ಕಲ್ಲು ಮನಸ್ಸು ನಿಮ್ಮದು ಎಂದುಬಿಟ್ಟೆ. ಅವರು ನೆಲದಲ್ಲಿ ಕೂತು, ನಾನು ಎಷ್ಟು ಬೇಡವೆಂದರೂ ಕೇಳದೆ, ಕೈಗೆ ಸಿಕ್ಕಿದ ಕಡಲೆಯನ್ನೆಲ್ಲ ಹೆಕ್ಕಿದರು.

ಹಬ್ಬದ ದಿನ ಎದುರು ಮನೆಯಿಂದ ನಮಗೆ ಬಿರಿಯಾನಿ ಬಂತು. ತಂದವಳು ಹುಡುಗಿಯ ತಾಯಿ, ಅವಳ ಸೆರಗು ಹಿಡಿದು ಹುಡುಗಿ. ಉಮ್ಮ ಒಳಗಿದ್ದಾರೆಂದರು. ಅದಾಗಿ ಒಂದೆರಡು ದಿನಕ್ಕೆ ನಾನು ಡ್ಯೂಟಿ ಮುಗಿಸಿ ಬರುವಾಗ ಹುಡುಗಿಯ ತಂದೆ ಕಟ್ಟಡದ ಖಾಲಿ ಟ್ರಾಲಿ ತಳ್ಳಿಕೊಂಡು ಲಿಫ್ಟಿನಿಂದ ಇಳಿದ. ಮಾಮಿಯನ್ನು, ಎಂದರೆ ಉಮ್ಮನನ್ನು, ಏರ್‌ಪೋರ್ಟಿಗೆ ಬಿಟ್ಟುಬಂದೆ ಎಂದ. ನಾನು ಕಕ್ಕಾಬಿಕ್ಕಿಯಾದೆ. ವೀಸಾಕ್ಕೆ ಎಲ್ಲ ತಯಾರು ಮಾಡಿದ್ದೆ, ಅವರೇ ಸುತಾರಾಂ ಬೇಡವೆಂದರು, ಏನೆಂದು ಗೊತ್ತಾಗಲಿಲ್ಲ ಎಂದು ಅವನೂ ಬೇಸರದಲ್ಲಿದ್ದ. ಹುಡುಗಿ ಏರ್‌ಪೋರ್ಟಿಗೆ ಹೋಗಿರಲಿಲ್ಲ. ಆ ಶುಕ್ರವಾರದಿಂದ ಉಮ್ಮನ ಜೊತೆ ಮಾತು ಬಿಟ್ಟವಳು, ಹೊರಡುವಾಗ ಕೂಡ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ನನಗೆ ಒಂದು ಮಾತು ಹೇಳದೆ ಹೋದರಲ್ಲ ಎಂದು ನನಗೂ ಅಳು ಬಂತು. ಮೊನ್ನೆ ತಾನೇ ಕಲ್ಲು ಮನಸ್ಸು ಎಂದವಳಿಗೆ ಅವರಾದರೂ ಏನು ಹೇಳಿಯಾರು...

ಮುಂದಿನ ವಾರ ತಮ್ಮ ಊಟಕ್ಕೆ ಬಂದಾಗ ಅವನನ್ನು ಹಿಡಿದು ಜಾಡಿಸಿದೆ. ನಿನ್ನ ಹಾಳು ಬಾಗಿಲು, ನಿನ್ನ ಹಾಳು ಕಾವಲುಗಾರ, ಒಂದು ಮಗುವೂ ಅಜ್ಜಿಯೂ ಮುಖ ತಿರುಗಿಸಿಕೊಂಡು ಬೇರೆಯಾಗುವ ಹಾಗೆ ಮಾಡಿದೆ ಎಂದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಿದ.

“ಆ ಬಾಗಿಲು ನನ್ನದಲ್ಲ ಅಕ್ಕ,” ಎಂದ. “ಉಮ್ಮ ಇಡ್ಲಿಕ್ಕೆ ಹೇಳಿದ್ದು.”

ಆಡು ಕೊಟ್ಟ ಆ ಶುಕ್ರವಾರದ ಹಿಂದಿನ ವಾರ ನಾನು ಕೆಳಗೆ ಮೊಸರು ತರಲು ಹೋಗಿದ್ದಾಗ ಅವನ ಹತ್ತಿರ ಮೆಲ್ಲನೆ ಕೇಳಿದ್ದರಂತೆ. ನಾನು ಹಬ್ಬ ಮುಗಿಸಿ ಹೋಗುವವಳು ಪೊರ್ಬು, ಯಾರಿಗೂ ಹೇಳಬೇಡ, ನಿನ್ನ ಕಥೆಯಲ್ಲಿ ಸಾಕಿದ್ದನ್ನು ಕೊಡುವ ಒಂದು ಜಾಗ ಇಡು ಎಂದು. ಇವನು ಒಪ್ಪಿದ, ಆದರೆ ಮನಸ್ಸು ತಡೆಯದೆ ಆಡು ವಾಪಸ್ ಬರುವ ಹಾಗೆ ತಾನೇ ಸೇರಿಸಿಕೊಂಡಿದ್ದ. ಅದು ಅವರಿಗೆ ಹೇಳಿರಲಿಲ್ಲ. ಅವರು ಯಾಕೆ ಬೇಡವೆಂದರು ಎಂದು ಕೇಳಿದೆ. ಆಡು ತಿರುಗಿ ಬಂದರೆ ಹುಡುಗಿ ಉಮ್ಮನೂ ತಿರುಗಿ ಬರುತ್ತಾರೆಂದು ದಾರಿ ಕಾದು ಕೂರುತ್ತಾಳಲ್ಲ ಅಕ್ಕ ಎಂದ. ಹೋಗುವಾಗ ನನ್ನ ಮೇಲೆ ಸಿಟ್ಟಿದ್ದರೆ ಒಳ್ಳೆಯದು, ಸಿಟ್ಟು ಬಂದ ಮಗು ತಾಯಿಯ ಹತ್ತಿರವೇ ಓಡುವುದು ಎಂದು ಉಮ್ಮ ಅವನಿಗೆ ಹೇಳಿದ್ದರು.

ಎಲ್ಲರಿಗಿಂತ ಮೊದಲು ಎಲ್ಲವೂ ಅವರಿಗೆ ಕಂಡಿತ್ತು. ಹೊಸ್ತಿಲಲ್ಲಿ ನಿಲ್ಲುತ್ತಿದ್ದ ತಮ್ಮ ಮಗಳ ಆ ನಗುವೂ ಕಂಡಿತ್ತು. ಹಾಲು ಬಿಟ್ಟಂದಿನಿಂದ ಎದೆಗೆ ಹಚ್ಚಿಕೊಂಡು ಬೆಳೆಸಿದ ಮಗುವಿನ ಕೈಯಿಂದ ತನ್ನ ಬಟ್ಟೆಯ ತುದಿಯನ್ನು ಹೇಗೆ ಬಿಡಿಸುವುದೆಂದು ಆ ಹೆಂಗಸು, ಗಿಡುಗ ಚಿರತೆಗಳ ನಡುವೆ ಕೂತು, ಯೋಚನೆ ಮಾಡುತ್ತಿದ್ದರು. ಸೋಫಾದ ಅಡಿಯಿಂದ ಕಡಲೆ ಎಷ್ಟೋ ತಿಂಗಳು ಸಿಗುತ್ತಿತ್ತು. ಗುಡಿಸುವಾಗ ಒಂದು ಕಾಳು ಉರುಳಿ ಬಂದರೂ ನಾನು ಪೊರಕೆ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಮರುವರ್ಷ ಶಾಲೆಯ ಬೇಸಿಗೆ ರಜೆಯಲ್ಲಿ ಎದುರು ಮನೆಯವರು ಊರಿಗೆ ಹೋದರು. ಹುಡುಗಿ ಅಷ್ಟರಲ್ಲಿ ಚೆನ್ನಾಗಿ ಮೈತುಂಬಿಕೊಂಡಿದ್ದಳು, ತಾಯಿಯ ಜೊತೆ ಜಗಳವಾಡುವಷ್ಟು ಸಲಿಗೆ ಬಂದಿತ್ತು. ಉಮ್ಮನ ಹೆಸರು ಎತ್ತಿದರೆ ಮಾತ್ರ ಮುಖ ಬಿಗಿಯುತ್ತಿತ್ತು. ತಿರುಗಿ ಬಂದ ದಿನ, ಪೆಟ್ಟಿಗೆ ಇಳಿಸುವ ಮೊದಲೇ ನಮ್ಮ ಬಾಗಿಲು ಬಡಿದಳು.

“ಆಂಟಿ,” ಎಂದಳು ಏದುಸಿರು ಬಿಡುತ್ತಾ, “ಉಮ್ಮನ ಹತ್ರ ಬೊಳ್ಳು ಉಂಟು.”

ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಹಿಂದೆ ಬಂದ ಅವಳ ತಾಯಿ ಬಿಡಿಸಿ ಹೇಳಿದಳು. ದುಬೈಯಿಂದ ಊರಿಗೆ ಮುಟ್ಟಿದ ಕೂಡಲೇ ಉಮ್ಮ ಯಾರ್ಯಾರಿಗೋ ಹೇಳಿ, ಹಣೆಯಲ್ಲಿ ಬಿಳಿ ಚುಕ್ಕೆ ಇರುವ ಆಡಿನ ಮರಿಯೇ ಆಗಬೇಕೆಂದು ಹುಡುಕಿಸಿ ತರಿಸಿದ್ದರಂತೆ. ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಕಟ್ಟಿ ಸಾಕಿದ್ದರು. ಬೊಳ್ಳು ಎಂದು ಕರೆದರೆ ತಲೆ ಎತ್ತುತ್ತಿತ್ತಂತೆ. ಆಡಿಗೆ ಎಂತ ಹೆಸರು ಎಂದಿದ್ದ ಉಮ್ಮ! ಅದನ್ನು ಕಂಡದ್ದೇ ಹುಡುಗಿ ಉಮ್ಮನ ಸೊಂಟ ಹಿಡಿದು ಗೋಳೋ ಎಂದು ಅತ್ತಳಂತೆ, ಅಲ್ಲಿಗೆ ಮುನಿಸು ಮುಗಿಯಿತು. ಬಕ್ರೀದ್ ಹತ್ತಿರ ಬರುತ್ತಿತ್ತು, ದಷ್ಟಪುಷ್ಟ ಆಡು ನೋಡಿ ನೆರೆಯವರೊಬ್ಬರು ಕೇಳಿಕೊಂಡು ಬಂದರು. ಬಂದವರಿಗೆ ಉಮ್ಮ ಹೇಳಿದ ಮಾತನ್ನು ಹುಡುಗಿ ನನ್ನ ಬಾಗಿಲಲ್ಲಿ ನಿಂತು, ಅರ್ಥ ತಿಳಿಯದೆ, ಉಮ್ಮನ ಧ್ವನಿಯಲ್ಲೇ ಹೇಳಿ ತೋರಿಸಿದಳು.

“ಕೊಡ್ಲಿಕ್ಕೆ ಇದ್ದದ್ದನ್ನು ಕೊಟ್ಟಾಗಿದೆ. ಇದನ್ನು ಕೇಳ್ಬೇಡಿ.”

ನಾನೂ ಅವಳ ತಾಯಿಯೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ನಾವು ಅಬುಧಾಬಿಗೆ ಬಂದೆವು. ತಮ್ಮನ ಮದುವೆಯಾಯಿತು, ದಾಳಗಳು ಎಲ್ಲಿ ಹೋದವೋ. ಉಮ್ಮ ತೀರಿಹೋದ ಸುದ್ದಿಯನ್ನು ಅವರ ಮಗಳೇ ಫೋನ್ ಮಾಡಿ ಹೇಳಿದಳು. ನಾನೂ ಮಗಳೂ ಒಟ್ಟಿಗೆ ವಿಮಾನ ಹತ್ತುತ್ತಿದ್ದೇವೆ ಎಂದಳು. ಅವರಿರುವಾಗ ಹೋಗಿ, ಕಲ್ಲು ಮನಸ್ಸು ಎಂದದ್ದಕ್ಕೆ ತಪ್ಪಾಯಿತೆಂದು ಒಂದು ಮಾತು ಆಡಬೇಕೆಂದಿದ್ದೆ, ಪ್ರತಿ ರಜೆಯಲ್ಲೂ ಇವತ್ತು ನಾಳೆ ಎಂದು ಉಳ್ಳಾಲಕ್ಕೆ ಹೋಗದೆಯೇ ಉಳಿದೆ. ಆಡಿನ ಗತಿ ಏನಾಯಿತೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಈಗಲೂ ಇಲ್ಲ.

ಆ ಎಲೆಯ ಕಟ್ಟನ್ನು ನಾನು ಕೊಂಡು ತಂದೆ. ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಏನು ಮಾಡುವುದೆಂದು ತೋಚದೆ ಆ ಹುಡುಗಿಗೆ ಫೋನ್ ಮಾಡಿದೆ. ಈಗ ಕಾಲೇಜಿನಲ್ಲಿದ್ದಾಳೆ, ಮಾತೆಲ್ಲ ಇಂಗ್ಲಿಷಿನಲ್ಲಿ. ಹಲಸಿನ ಎಲೆ ಸಿಕ್ಕಿತು ನೋಡು ಎಂದೆ. ಅದನ್ನು ಕೇಳಿದ್ದೇ ಅವಳು ಇಂಗ್ಲಿಷ್ ಬಿಟ್ಟಳು.

“ಪ್ಲಾಸ್ಟಿಕ್ ಬಿಚ್ಚಿಡಿ ಆಂಟಿ,” ಎಂದಳು. “ನೀರು ಚಿಮುಕಿಸಿ. ಬಾಡಿದ್ದನ್ನು ಅದು ಮುಟ್ಟುದಿಲ್ಲ.”

ಬಿಚ್ಚಿ, ಹರಡಿ, ನೀರು ಚಿಮುಕಿಸಿದೆ. ತಿನ್ನುವ ಆಡಿಲ್ಲ, ತಿನ್ನಿಸುವ ಉಮ್ಮ ಇಲ್ಲ. ಎಲೆ ಮಾತ್ರ ಇವತ್ತಿಗೂ ಹಸಿರಾಗಿದೆ, ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅದಕ್ಕೆ ನೀರು ಹಾಕುತ್ತೇನೆ.